ಕೃಷಿ ಹೊಂಡಕ್ಕೆ ಕಡಲ ಸೌತೆ ಕೇಳಿದ ಗೆಳೆಯರಿಗೆ

ಬಾಗೂರು,
ಚನ್ನರಾಯಪಟ್ಟಣ ತಾಲ್ಲೂಕು



ನಿಮ್ಮ ಕಾಗದ ಕೈಸೇರಿತು. ನುಗ್ಗೇಹಳ್ಳಿ ಕಡೆಯ ತೋಟ, ಅಲ್ಲಿ ತೆಗೆಸಿರುವ ಕೃಷಿ ಹೊಂಡ, ಬೆಂಗಳೂರಿನ ಕೆಲಸ ಬಿಟ್ಟು ಬಂದು ಊರಲ್ಲೇ ಏನಾದರೂ ಮಾಡುತ್ತೇನೆಂದು ಹಟ ಹಿಡಿದಿರುವ ಮಗ, ಎಲ್ಲವನ್ನೂ ಬಿಡಿಸಿ ಬರೆದಿದ್ದೀರಿ. ಕೊನೆಯಲ್ಲಿ, ಯಾವುದೋ ವಿಡಿಯೋ ನೋಡಿದ ಆ ಹುಡುಗನ ಪ್ರಶ್ನೆ. ಕಡಲ ಸೌತೆ ಅಂತ ಒಂದು ಜೀವಿ ಇದೆಯಂತೆ, ತಿಂಡಿತೀರ್ಥದ ಕಾರ್ಖಾನೆಗಳಲ್ಲಿ ಉಳಿದ ಗಸಿ, ಹಿಂಡಿ, ಹೊಟ್ಟು ಏನು ಹಾಕಿದರೂ ತಿಂದು ಬೆಳೆಯುತ್ತದಂತೆ, ಒಣಗಿಸಿದ್ದನ್ನು ಚೀನಾದವರು ಕಿಲೋಗೆ ಸಾವಿರಗಟ್ಟಲೆ ಕೊಟ್ಟು ಕೊಳ್ಳುತ್ತಾರಂತೆ. ನಮ್ಮ ಹೊಂಡಕ್ಕೆ ಬಿಡಬಹುದೇ ಎಂದು ಕೇಳಿದ್ದಾನೆ. ಬಾಗೂರಿನಲ್ಲಿ ಕೂತು ಸಮುದ್ರದ ಬೇಸಾಯಕ್ಕೆ ಉತ್ತರ ಬರೆಯುವ ಯೋಗ ನನಗೂ ಇದೇ ಮೊದಲು.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆಗುವುದಿಲ್ಲ.

ಒಂದು ಕಾರಣ ನೀರು. ಕಡಲ ಸೌತೆ ನಕ್ಷತ್ರ ಮೀನಿನ ಬಳಗದ್ದು. ಆ ಇಡೀ ಬಳಗದಲ್ಲಿ ಸಿಹಿನೀರಿನಲ್ಲಿ ಬದುಕುವ ಜಾತಿ ಒಂದೂ ಇಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮದು ಹೇಮಾವತಿಯ ನೀರು, ಇಲ್ಲವೇ ಮಳೆಯ ನೀರು. ಹೊಂಡಕ್ಕೆ ಉಪ್ಪು ಸುರಿದು ಸಮುದ್ರ ಮಾಡಲು ಹೊರಟರೆ ಪಕ್ಕದ ತೆಂಗು ಮೊದಲು ಹೋಗುತ್ತದೆ.

ಇನ್ನೊಂದು ಕಾರಣ ಕಾನೂನು. ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಗಳಲ್ಲಿ ಮೀನುಗಾರರು ತಲೆಮಾರುಗಳಿಂದ ಇವನ್ನು ಹೆಕ್ಕಿ, ಬೇಯಿಸಿ, ಒಣಗಿಸಿ ಪೂರ್ವದ ದೇಶಗಳಿಗೆ ಕಳಿಸುತ್ತಿದ್ದರು. ಹೆಕ್ಕುವುದು ಮಿತಿ ಮೀರಿ ಸಂತತಿ ಕುಸಿಯಿತು. 2001ರಲ್ಲಿ ಸರ್ಕಾರ ಕಡಲ ಸೌತೆಗಳನ್ನೆಲ್ಲ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಿತು. ಹುಲಿ, ಆನೆ ಇದ್ದ ಪಟ್ಟಿ ಅದು. 2020ರಲ್ಲಿ ಲಕ್ಷದ್ವೀಪದಲ್ಲಿ ಇವಕ್ಕೆಂದೇ ಒಂದು ಸಂರಕ್ಷಿತ ಪ್ರದೇಶವನ್ನೂ ಘೋಷಿಸಿದರು. ಇಲ್ಲಿ ಹಿಡಿದವನಿಗೂ ಮಾರಿದವನಿಗೂ ಜೈಲು. ಎದುರು ದಡದಲ್ಲಿರುವ ಶ್ರೀಲಂಕಾದ ಜಾಫ್ನಾದಲ್ಲಿ ಸರ್ಕಾರದ ಅನುಮತಿಯಿಂದಲೇ ಬೆಳೆಸುತ್ತಾರೆ. ನಿಮ್ಮ ಮಗ ನೋಡಿದ ವಿಡಿಯೋ ಅಂಥ ಯಾವುದೋ ದೇಶದ್ದಿರಬೇಕು.

ವಿಚಿತ್ರವೆಂದರೆ ಇದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಮರಳಿನಲ್ಲಿ ಹುದುಗಿರುವ, ಹೆಚ್ಚು ಬೆಲೆಯ ಜಾತಿಯ ಮರಿಗಳನ್ನು ಹ್ಯಾಚರಿಯಲ್ಲಿ ಹುಟ್ಟಿಸಿ ತೋರಿಸಿದವರು ತೂತ್ತುಕುಡಿಯಲ್ಲಿದ್ದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಡಿ.ಬಿ. ಜೇಮ್ಸ್ ಮತ್ತು ಅವರ ಜೊತೆಯವರು, 1988ರಲ್ಲಿ. ಜಗತ್ತಿನಲ್ಲೇ ಮೊದಲು. ಮರಿಗಳಿಗೆ ಕಡಲಕಳೆಯ ರಸ ಕೊಟ್ಟು ಸಾಕಿದರು. ಸೀಗಡಿ ಕೊಳದ ತಳದಲ್ಲೂ ಬಿಟ್ಟು ನೋಡಿದರು. ಸೀಗಡಿ ತಿಂದು ಬಿಟ್ಟ ಮೇವು, ಅದರ ಹಿಕ್ಕೆ, ತಳದ ಕೊಳೆ ಇವೇ ಈ ಪ್ರಾಣಿಗೆ ಊಟ. ಬಾಯಿಯ ಸುತ್ತಲಿನ ಕುಚ್ಚಿನಂಥ ಬೆರಳುಗಳಿಂದ ಮರಳನ್ನು ಬಾಯಿಗೆ ತುಂಬಿಕೊಳ್ಳುತ್ತದೆ, ಅದಕ್ಕಂಟಿದ ಕೊಳೆ ಮತ್ತು ಸೂಕ್ಷ್ಮಜೀವಿಗಳನ್ನು ಅರಗಿಸಿಕೊಂಡು ತೊಳೆದ ಮರಳನ್ನು ಹಿಂದಿನಿಂದ ಬಿಡುತ್ತದೆ. ಹೆದರಿಸಿದರೆ ತನ್ನ ಕರುಳನ್ನೇ ಹೊರಗೆ ಕಕ್ಕಿ, ಆಮೇಲೆ ನಿಧಾನವಾಗಿ ಹೊಸದನ್ನು ಬೆಳೆಸಿಕೊಳ್ಳುತ್ತದೆ.

ಹುಡುಗ ಬೇಜಾರು ಮಾಡಿಕೊಳ್ಳುವುದು ಬೇಡ. ಜಾಗ ತಪ್ಪಿದ್ದರೂ ಅವನ ಯೋಚನೆ ತಪ್ಪಿಲ್ಲ. ಒಂದು ಕಡೆ ತಿನ್ನುವ ಪದಾರ್ಥ ತಯಾರಾದಾಗ ಉಳಿಯುವುದನ್ನು ಇನ್ನೊಂದು ಬಾಯಿಗೆ ಹಾಕಿ ಮತ್ತೆ ಆಹಾರ ಮಾಡಿಕೊಳ್ಳುವುದು ನಮ್ಮ ಸೀಮೆಯಲ್ಲಿ ದಿನಾ ನಡೆಯುವ ಕೆಲಸ. ನಿಮ್ಮ ಅಜ್ಜಿ ಕೊಟ್ಟಿಗೆಯ ಬಾನಿಗೆ ಸುರಿಯುತ್ತಿದ್ದ ಕಲಗಚ್ಚು ಮತ್ತೇನು? ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಮೇಲೊಂದು ಹಿಡಿ ತೌಡು. ಸಾಯಂಕಾಲಕ್ಕೆ ಅದೇ ಚೆಂಬಿಗೆ ಹಾಲಾಗಿ ಬರುತ್ತಿತ್ತು.

ಅದರ ದೊಡ್ಡ ರೂಪ ನೋಡಬೇಕಾದರೆ ನಮ್ಮ ಸುತ್ತ ಒಂದು ಸುತ್ತು ಹಾಕಿ. ತಿಪಟೂರು, ಚನ್ನರಾಯಪಟ್ಟಣ ಅಂದರೆ ಕೊಬ್ಬರಿ. ಉಂಡೆ ಕೊಬ್ಬರಿ ಉತ್ತರದ ಕಡೆಗೆ ಲಾರಿ ಹತ್ತುತ್ತದೆ. ಒಡಕು, ಮುಗ್ಗಲು, ಸಣ್ಣದು ಗಾಣಕ್ಕೆ ಹೋಗುತ್ತದೆ, ಅಲ್ಲಿಂದ ಎಣ್ಣೆ ಒಂದು ಕಡೆ, ಹಿಂಡಿ ಒಂದು ಕಡೆ. ಕಾಯಿಪುಡಿ ಫ್ಯಾಕ್ಟರಿಗಳಲ್ಲಿ ಬಿಳಿ ತಿರುಳಿನ ಮೇಲಿನ ಕಂದು ಸಿಪ್ಪೆಯನ್ನು ಹೆರೆದು ತೆಗೆಯುತ್ತಾರೆ. ಅದನ್ನೂ ಒಣಗಿಸಿ ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಹಸುವಿಗೆ ಹಾಕುತ್ತಾರೆ. ಅಕ್ಕಿ ಗಿರಣಿಯ ತೌಡು, ನುಚ್ಚು. ಬೇಳೆ ಮಿಲ್ಲಿನ ಹೊಟ್ಟು. ಹಿಟ್ಟಿನ ಮಿಲ್ಲಿನ ಬೂಸಾ. ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆಯಂಥ ಕಡೆ ಹುಟ್ಟುವ ಕಾಕಂಬಿಗೂ ಪಶು ಆಹಾರದಲ್ಲಿ ಜಾಗವಿದೆ. ಹಾಸನದಲ್ಲಿ ಹಾಲು ಮಹಾಮಂಡಳಿಯ ಪಶು ಆಹಾರ ಘಟಕವಿದೆಯಲ್ಲ, ಅಂಥ ಘಟಕಗಳಲ್ಲಿ ಎಣ್ಣೆ ತೆಗೆದ ತೌಡು, ಹಿಂಡಿಗಳು, ಮೆಕ್ಕೆಜೋಳ, ಕಾಕಂಬಿ, ಖನಿಜ, ಉಪ್ಪು ಎಲ್ಲ ಅಳತೆ ಪ್ರಕಾರ ಕೂಡಿ ಮೂಟೆಯಾಗುತ್ತವೆ. ಡೇರಿಗೆ ಹಾಲು ಹಾಕುವವರೆಲ್ಲ ಆ ಮೂಟೆ ಕಂಡವರೇ. ಬೂಸಾ ಎಂದರೆ ನೆನಪಾಗುತ್ತದೆ: 1973ರಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ರಾಜ್ಯವೇ ಹೊತ್ತಿಕೊಂಡಿತ್ತು. ಬೂಸಾದ ಪರವಾಗಿ ಮಾತಾಡಲು ಆಗ ಒಂದು ಹಸುವೂ ಮುಂದೆ ಬರಲಿಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಕಾರ್ಖಾನೆಯಲ್ಲಿ ಉಳಿದದ್ದು ಅಗ್ಗಕ್ಕೆ ಸಿಗುತ್ತದೆ ಎಂದು ಕೇಳಿದ ಕೂಡಲೇ ಎಲ್ಲರೂ ಕಿಲೋಗೆ ಎಷ್ಟು ಎಂದು ವಿಚಾರಿಸುತ್ತಾರೆ. ಕೇಳಬೇಕಾದದ್ದು ಬೇರೆ: ಹುಟ್ಟಿ ಎಷ್ಟು ದಿನವಾಯಿತು? ಗಿರಣಿಯ ಬಾಯಿಂದ ದನದ ಬಾಯಿಗೋ ಮೀನಿನ ಬಾಯಿಗೋ ಬರುವಷ್ಟರಲ್ಲಿ ಎಲ್ಲೆಲ್ಲಿ ಬಿದ್ದಿತ್ತು?

ತೌಡನ್ನೇ ತೆಗೆದುಕೊಳ್ಳಿ. ಅಕ್ಕಿಯ ಮೈಯಲ್ಲಿರುವವರೆಗೆ ಅದರ ಎಣ್ಣೆ ಸುಮ್ಮನಿರುತ್ತದೆ. ಪಾಲಿಶ್ ಮಾಡಿ ಬಿಡಿಸಿದ ಕ್ಷಣದಿಂದ ತೌಡಿನಲ್ಲೇ ಇರುವ ಕಿಣ್ವ ಆ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ. ಕೆಲವೇ ದಿನದಲ್ಲಿ ಕಮಟು, ಕಹಿ. ಎಣ್ಣೆ ತೆಗೆದ ತೌಡು ಹೆಚ್ಚು ದಿನ ಬಾಳುವುದು ಇದೇ ಕಾರಣಕ್ಕೆ. ಬಿಯರ್ ಕಾರ್ಖಾನೆಯ ಗಸಿ ಇನ್ನೂ ಅವಸರದ್ದು. ಬಾರ್ಲಿಯ ಆ ಗಸಿಯಲ್ಲಿ ನೂರಕ್ಕೆ 75ರಿಂದ 80 ಪಾಲು ನೀರೇ. ಒಣ ಲೆಕ್ಕದಲ್ಲಿ ಪ್ರೋಟೀನು ಚೆನ್ನಾಗಿದೆ, ಹಸು ಚಪ್ಪರಿಸಿ ತಿನ್ನುತ್ತದೆ. ಬಿಸಿಲಲ್ಲಿ ಎರಡು ಮೂರು ದಿನ ಬಿಟ್ಟರೆ ಹುಳಿ ನಾತ, ಮೇಲೊಂದು ಬೂಷ್ಟಿನ ಪದರ. ದೂರದಿಂದ ತರಿಸುವವರು ಲಾರಿ ಬಾಡಿಗೆ ಕೊಡುವುದು ಬಹುಪಾಲು ನೀರಿಗೆ. ಅಗ್ಗ ಎಂದು ತರಿಸಿದ್ದು ಎಷ್ಟಕ್ಕೆ ಬಿತ್ತು ಎಂದು ಲೆಕ್ಕ ಹಾಕಿ ನೋಡುವವರು ಕಡಿಮೆ.

ಹಿಂಡಿಯದು ಇದಕ್ಕಿಂತ ಕೆಟ್ಟ ಕಥೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಇದ್ದಕ್ಕಿದ್ದ ಹಾಗೆ ಸಾಯತೊಡಗಿದವು. ಒಂದು ಲಕ್ಷಕ್ಕೂ ಮೀರಿ ಸತ್ತವು. ಯಾವ ರೋಗವೆಂದು ಗೊತ್ತಾಗದೆ ಅದಕ್ಕೆ 'ಎಕ್ಸ್' ಎಂದೇ ಹೆಸರಿಟ್ಟರು. ಹುಡುಕುತ್ತ ಹೋದರೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ, ಅದರಲ್ಲಿ ಬೆಳೆದಿದ್ದ ಬೂಷ್ಟು, ಆ ಬೂಷ್ಟು ಬಿಟ್ಟ ವಿಷ. ಅಫ್ಲಾಟಾಕ್ಸಿನ್ ಎಂದು ಇವತ್ತು ಎಲ್ಲರ ಬಾಯಲ್ಲಿರುವುದು ಬೆಳಕಿಗೆ ಬಂದದ್ದು ಹಾಗೆ. ಅದೇ ಹೊತ್ತಿನಲ್ಲಿ ಅಮೆರಿಕದ ಟ್ರೌಟ್ ಮೀನಿನ ಸಾಕಣೆ ಕೇಂದ್ರಗಳಲ್ಲಿ ಮೀನಿನ ಯಕೃತ್ತಿಗೆ ಗೆಡ್ಡೆ ಬರುತ್ತಿತ್ತು. ಅದಕ್ಕೂ ಮೂಲ ಬೂಷ್ಟು ಹಿಡಿದ ಹತ್ತಿಬೀಜದ ಹಿಂಡಿ. ಈ ವಿಷ ಕುದಿಸಿದರೆ ಹೋಗುವುದಿಲ್ಲ. ಹಸು ತಿಂದರೆ ಹಾಲಿಗೂ ಇಳಿಯುತ್ತದೆ. ಒಂದು ಕಿಲೋ ಹಾಲಿನಲ್ಲಿ 0.5 ಮೈಕ್ರೋಗ್ರಾಂ ದಾಟಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿದೆ.

ಕೊಬ್ಬರಿ ಹಿಂಡಿ ಕೊಳ್ಳುವಾಗ ನಮ್ಮ ಹಳೆಯ ರೈತರು ಮಾಡುವುದನ್ನು ನಿಮ್ಮ ಮಗ ಒಮ್ಮೆ ನೋಡಬೇಕು. ಮೂಟೆಯ ಬಾಯಿ ಮಾತ್ರ ಬಿಚ್ಚಿ ನೋಡುವುದಿಲ್ಲ, ಮೊಣಕೈವರೆಗೆ ಕೈ ಇಳಿಸುತ್ತಾರೆ. ಒಳಗೆ ಬೆಚ್ಚಗಿದ್ದರೆ ಮೂಟೆ ಅಲ್ಲೇ ಬಿಟ್ಟರು. ನಡುವಿನಿಂದ ಒಂದು ಚೂರು ತೆಗೆದು ಮುರಿಯುತ್ತಾರೆ. ಚಟ್ಟೆಂದು ಮುರಿಯಬೇಕು, ಬಾಗಿದರೆ ಪಸೆ ಇದೆ. ಮುರಿದ ಮೈಯನ್ನು ಬೆಳಕಿಗೆ ಹಿಡಿಯುತ್ತಾರೆ, ಹಸಿರೋ ಕಪ್ಪೋ ಚುಕ್ಕಿ ಇದೆಯೇ ಎಂದು. ಆಮೇಲೆ ಮೂಸುತ್ತಾರೆ. ಹುರಿದ ಕೊಬ್ಬರಿಯ ವಾಸನೆ ಬಂದರೆ ಸರಿ, ಹಳೆಯ ಎಣ್ಣೆ ಡಬ್ಬದ ವಾಸನೆ ಬಂದರೆ ಬೇಡ. ಇಷ್ಟೆಲ್ಲ ಮಾಡಿದರೂ ಮೂಗು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅನುಮಾನ ಬಂದರೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಹಾಸನದ ಪಶುವೈದ್ಯಕೀಯ ಕಾಲೇಜಿನವರನ್ನೋ ವಿಚಾರಿಸಿ, ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ಹೇಳುತ್ತಾರೆ.

ಸಮುದ್ರದಲ್ಲೂ ಲೆಕ್ಕ ಇದೇ. ಕೊಳೆ ತಿನ್ನುವ ಪ್ರಾಣಿ ಎಂದು ಕಡಲ ಸೌತೆಯ ಕೊಳಕ್ಕೆ ಸಿಕ್ಕಿದ್ದನ್ನೆಲ್ಲ ಸುರಿದರೆ ತಿಂದು ಮುಗಿಸುವ ಮೊದಲೇ ಅದು ಕೊಳೆಯುತ್ತದೆ. ತಳದ ಮರಳು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಏಳುತ್ತದೆ, ಆಮ್ಲಜನಕ ಇಳಿಯುತ್ತದೆ, ಪ್ರಾಣಿ ಸಾಯುತ್ತದೆ. ಕಸ ತಿನ್ನುವವನಿಗೂ ಕಸ ಹಳಸಿರಬಾರದು.

ಈಗ ನಿಮ್ಮ ಹೊಂಡಕ್ಕೆ ಬನ್ನಿ. ಕಡಲ ಸೌತೆ ಮಾಡುವ ಕೆಲಸವನ್ನು ಸಿಹಿನೀರಿನಲ್ಲಿ ಹೆಚ್ಚುಕಡಿಮೆ ಮಾಡುವ ಮೀನು ಮೃಗಾಲ್. ಕಾಟ್ಲಾ ನೀರಿನ ಮೇಲ್ಪದರದಲ್ಲಿ ತಿನ್ನುತ್ತದೆ, ರೋಹು ನಡುವೆ, ಮೃಗಾಲ್ ಕೆಳಗೆ ತಳದ ಕೆಸರನ್ನು ಮೂತಿಯಿಂದ ಕೆದಕಿ ಕೊಳೆತ ಎಲೆ, ಪಾಚಿ, ಮೇಲಿನವು ಬಿಟ್ಟ ಮೇವನ್ನು ತಿನ್ನುತ್ತದೆ. ಸಾಮಾನ್ಯ ಗೆಂಡೆಯೂ ತಳದ್ದೇ. ಇವನ್ನು ಒಟ್ಟಿಗೆ ಸಾಕುವುದು ನಮ್ಮ ದೇಶದಲ್ಲಿ ಹರಡಿದ್ದು ಕೊಳದಲ್ಲೇ ಮರಿ ಮಾಡಿಸುವ ವಿದ್ಯೆ ಕೈಹತ್ತಿದ ಮೇಲೆ. ಹರಿಯುವ ನದಿಯಲ್ಲಷ್ಟೇ ಮೊಟ್ಟೆಯಿಡುವ ರೋಹು, ಮೃಗಾಲ್‌ನಂಥ ಮೀನುಗಳಿಗೆ ಗ್ರಂಥಿಯ ರಸ ಚುಚ್ಚಿ ಮೊಟ್ಟೆಯಿಡಿಸುವುದರಲ್ಲಿ ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಂಞಿ ಒಡಿಶಾದಲ್ಲಿ ಗೆದ್ದದ್ದು 1957ರ ಜುಲೈ 10ರಂದು. ಆ ದಿನವನ್ನೇ ಇವತ್ತು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ಆಗಿನಿಂದ ಈ ಮೀನುಗಳಿಗೆ ಮೇವು ಯಾವುದು ಗೊತ್ತೇ? ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ, ಸಮಪಾಲು. ಎರಡೂ ಗಿರಣಿಯಲ್ಲಿ ಉಳಿದದ್ದೇ. ಹಿಂಡಿಯನ್ನು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತೌಡು ಕಲೆಸಿ ಉಂಡೆ ಮಾಡಿ ತಟ್ಟೆಯಲ್ಲಿಟ್ಟು ನೀರಿಗೆ ಇಳಿಬಿಡುತ್ತಾರೆ. ಆ ಉಂಡೆ ರಾಗಿಮುದ್ದೆಯ ಹದದಲ್ಲಿರಬೇಕು, ನೀರಿಗೆ ಬಿದ್ದ ಕೂಡಲೇ ಚದುರಬಾರದು. ಆಂಧ್ರದ ಕೊಲ್ಲೇರು ಕಡೆಯವರು ಎಣ್ಣೆ ತೆಗೆದ ತೌಡನ್ನು ತೂತು ಮಾಡಿದ ಚೀಲಗಳಲ್ಲಿ ತುಂಬಿ ಗಳುವಿಗೆ ಕಟ್ಟಿ ತೂಗುಹಾಕುತ್ತಾರೆ. ಮೀನು ಬಂದು ತೂತಿನಿಂದ ಎಳೆದು ತಿನ್ನುತ್ತದೆ, ಸಂಜೆ ಚೀಲ ಎತ್ತಿದರೆ ಎಷ್ಟು ಉಳಿಯಿತೆಂದು ತಿಳಿಯುತ್ತದೆ. ನಮ್ಮಲ್ಲಿ ಕೊಬ್ಬರಿ ಹಿಂಡಿ ಹತ್ತಿರದಲ್ಲಿ ಸಿಗುತ್ತದೆ. ಅದರಲ್ಲಿ ಪ್ರೋಟೀನು ನೂರಕ್ಕೆ 20ರ ಆಸುಪಾಸು, ಕಡಲೆಕಾಯಿ ಹಿಂಡಿಯ ಅರ್ಧದಷ್ಟು; ನಾರು ಜಾಸ್ತಿ. ಪೂರ್ತಿ ಅದನ್ನೇ ಹಾಕಿದರೆ ಮೀನು ಬೆಳೆಯಲು ತಡವಾಗುತ್ತದೆ. ಕಡಲೆಕಾಯಿ ಹಿಂಡಿಯ ಒಂದಷ್ಟು ಪಾಲಿನ ಬದಲಿಗೆ ಹಾಕಿದರೆ ಸಾಕು.

ಲೆಕ್ಕ ಹೀಗೆ ಹಾಕಿ. ಸರ್ಕಾರದ ಕೃಷಿ ಭಾಗ್ಯ ಯೋಜನೆಯ ದೊಡ್ಡ ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಎಕರೆಗೆ 4,000 ಮರಿ ಎಂಬ ವಾಡಿಕೆಯ ಲೆಕ್ಕದಲ್ಲಿ ಅದಕ್ಕೆ ಸುಮಾರು 400 ಮರಿ. ಎಲ್ಲ ಉಳಿದು ಒಂದೊಂದು ಕಾಲು ಕಿಲೋ ತೂಗುವಾಗ ಹೊಂಡದಲ್ಲಿ 100 ಕಿಲೋ ಮೀನು. ನೂರಕ್ಕೆ ಎರಡರಂತೆ ದಿನಕ್ಕೆ ಎರಡು ಕಿಲೋ ಮೇವು. ಇಷ್ಟೇ. ಮೀನು ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿನದು, ಆದ್ದರಿಂದ ಉಳಿಸುವ ಜಾಗವೂ ಅದೇ, ಕಳೆಯುವ ಜಾಗವೂ ಅದೇ. ಅಡಿಯಲ್ಲಿ ಪ್ಲಾಸ್ಟಿಕ್ ಹಾಸಿದ್ದರೆ ಅದರ ಮೇಲೆ ಅರ್ಧ ಅಡಿ ಮಣ್ಣು ಹರಡಿ, ಇಲ್ಲದಿದ್ದರೆ ಮೃಗಾಲ್‌ಗೆ ಕೆದಕಲು ಏನೂ ಇರುವುದಿಲ್ಲ.

ನೀರು ಹೇಗಿದೆ ನೋಡಲು ಉಪಕರಣ ಬೇಡ. ಹೊಂಡದ ಅಂಚಿನಲ್ಲಿ ಕೂತು ಕೈಯನ್ನು ನೀರಿಗೆ ನೇರ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಾಣದಾದರೆ ನೀರು ಹದವಾಗಿ ಹಸಿರಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮರೆಯಾದರೆ ಮೇವು, ಗೊಬ್ಬರವಾಗಿ ಹಾಕುವ ಸಗಣಿ ಎರಡೂ ನಿಲ್ಲಿಸಿ. ಮೋಡ ಮುಚ್ಚಿದ ದಿನ ಮೇವು ಬೇಡ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಹಸಿವಿನಿಂದ ಎಂದುಕೊಂಡು ಇನ್ನಷ್ಟು ಹಿಂಡಿ ಸುರಿಯುವವರಿದ್ದಾರೆ. ಅವಕ್ಕೆ ಉಸಿರು ಕಟ್ಟಿರುತ್ತದೆ. ಆಗ ಬೇಕಾದದ್ದು ಹೊಸ ನೀರು, ಪಂಪಿನಿಂದ ಚಿಮ್ಮಿಸಿ ಬಿಟ್ಟರೆ ಇನ್ನೂ ಒಳ್ಳೆಯದು.

ಒಂದು ವಿಷಯದಲ್ಲಿ ನಿಮ್ಮ ಮಗನಿಗೆ ಗಟ್ಟಿಯಾಗಿ ಹೇಳಿ. ಕಸದ ಮೇವು, ಬೇಗ ಲಾಭ ಎಂದ ಕೂಡಲೇ ಯಾರಾದರೂ ಬಂದು ಆಫ್ರಿಕನ್ ಕ್ಯಾಟ್‌ಫಿಶ್ ಹಾಕು ಅನ್ನುತ್ತಾರೆ. ನಮ್ಮ ರಾಜ್ಯದಲ್ಲೂ ಕದ್ದುಮುಚ್ಚಿ ಹೊಂಡ ತೋಡಿ, ಕೋಳಿ ಅಂಗಡಿ, ಕಸಾಯಿಖಾನೆಗಳ ತ್ಯಾಜ್ಯ ಸುರಿದು ಅದನ್ನು ಬೆಳೆಸುತ್ತಾರೆ. ಸುತ್ತಲಿನವರಿಗೆ ನಾತ, ನೊಣ. ಬಾವಿಯ ನೀರು ಕೆಡುತ್ತದೆ. ಮಳೆಗೆ ಹೊಂಡ ಉಕ್ಕಿ ಆ ಮೀನು ಕೆರೆ ಸೇರಿದರೆ ಊರ ಮೀನುಗಳನ್ನೆಲ್ಲ ನುಂಗಿಹಾಕುತ್ತದೆ. ದೇಶದಲ್ಲಿ ಅದಕ್ಕೆ ನಿಷೇಧವಿದೆ, ಅಧಿಕಾರಿಗಳು ಬಂದು ಹೊಂಡ ಮುಚ್ಚಿಸುತ್ತಾರೆ. ನಿಷೇಧ ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ. ಮಾಂಸದ ಉಳಿಕೆಯ ವಿಷಯದಲ್ಲಿ ಬ್ರಿಟನ್ ಕಲಿತ ಪಾಠ ಸಣ್ಣದಲ್ಲ. ಸತ್ತ ದನಗಳ ಮಾಂಸ, ಮೂಳೆಯ ಪುಡಿಯನ್ನು ಹುಲ್ಲು ತಿನ್ನುವ ದನಗಳಿಗೇ ತಿನ್ನಿಸಿದರು. 1986ರಲ್ಲಿ ಹುಚ್ಚು ಹಸು ರೋಗ ಪತ್ತೆಯಾಯಿತು, 1988ರಲ್ಲಿ ಆ ಮೇವನ್ನು ನಿಷೇಧಿಸಿದರು, ಅಷ್ಟರಲ್ಲಿ ರೋಗ ಹರಡಿಯಾಗಿತ್ತು. ಯಾರ ಉಳಿಕೆ ಯಾರಿಗೆ ಎಂಬುದಕ್ಕೂ ಒಂದು ಮರ್ಯಾದೆ ಇದೆ.

ಅಷ್ಟು ದೂರ ಯಾಕೆ, ನಮ್ಮ ಕಲ್ಯಾಣ ಮಂಟಪಗಳ ಅನ್ನ ಸಾಕು. ಮದುವೆಯ ಮರುದಿನ ಹಂಡೆಗಟ್ಟಲೆ ಉಳಿದ ಅನ್ನವನ್ನು ಪುಣ್ಯ ಬರಲಿ ಎಂದು ಹಸುವಿನ ಮುಂದೆ ಸುರಿಯುತ್ತಾರೆ. ಹುಲ್ಲಿಗೆ ಒಗ್ಗಿದ ಹೊಟ್ಟೆಯಲ್ಲಿ ಅಷ್ಟು ಅನ್ನ ಒಮ್ಮೆಗೇ ಹುಳಿತು ಆಮ್ಲವಾಗುತ್ತದೆ, ಹಸು ಮೆಲುಕು ನಿಲ್ಲಿಸುತ್ತದೆ, ಡಾಕ್ಟರು ಬರುವಷ್ಟರಲ್ಲಿ ಮಲಗಿಬಿಟ್ಟಿರುತ್ತದೆ. ಒಂದು ಹಿಡಿ ಅನ್ನ ಕಲಗಚ್ಚಿನಲ್ಲಿ ಮೇವು, ಒಂದು ಹಂಡೆ ಅನ್ನ ವಿಷ.

ಸುಮ್ಮನೆ ಹರಿದುಹೋಗುತ್ತಿರುವ ಒಂದು ವಸ್ತುವನ್ನೂ ಇಲ್ಲಿ ಹೇಳಬೇಕು. ಕಾಯಿಪುಡಿ ಫ್ಯಾಕ್ಟರಿಯಲ್ಲಿ ಒಡೆದ ಬಲಿತ ಕಾಯಿಯ ನೀರು. ಕಾಯಿಗೆ 100 ಮಿಲಿಲೀಟರ್ ಎಂದು ಇಟ್ಟುಕೊಂಡರೂ ದಿನಕ್ಕೆ 10,000 ಕಾಯಿ ಒಡೆಯುವ ಕಡೆ 1,000 ಲೀಟರ್. ಅದನ್ನು ಚರಂಡಿಗೋ ಪಕ್ಕದ ಹಳ್ಳಕ್ಕೋ ಬಿಟ್ಟರೆ ಮರುದಿನಕ್ಕೆ ಹುಳಿತು ನಾರುತ್ತದೆ, ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಫಿಲಿಪೀನ್ಸ್‌ನವರು ಅದೇ ಕಾಯಿನೀರನ್ನು ಹುದುಗಿಸಿ ವಿನೆಗರ್ ಮಾಡುತ್ತಾರೆ, ನಾಟಾ ಡಿ ಕೋಕೋ ಎಂಬ ಮೆತ್ತನೆಯ ತಿನಿಸು ಮಾಡಿ ಹೊರದೇಶಕ್ಕೆ ಮಾರುತ್ತಾರೆ. ಬೆಂಗಳೂರಿನ ಬುದ್ಧಿ, ಕಂಪ್ಯೂಟರು ಎರಡೂ ಇರುವ ಹುಡುಗ ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು ಎಂದು ನನಗೆ ಅನ್ನಿಸುತ್ತದೆ. ಕಡಲ ಸೌತೆಗಿಂತ ಹತ್ತಿರದಲ್ಲಿದೆ, ಕಾನೂನಿನ ಭಯವೂ ಇಲ್ಲ.

ಬಾಗೂರಿನಿಂದ ನವಿಲೆಯತ್ತ ಸುರಂಗ ಹೊಕ್ಕು ತುಮಕೂರಿಗೆ ಹರಿಯುವ ಹೇಮಾವತಿ ನಿಮ್ಮ ಹೊಂಡಕ್ಕೂ ಒಂದಿಷ್ಟು ಸಿಕ್ಕರೆ ಆರೇಳು ತಿಂಗಳು ನೀರು ನಿಲ್ಲುತ್ತದೆ, ಮೀನಿಗೆ ಅಷ್ಟು ಬೇಕೇ ಬೇಕು. ಮರಿಗಾಗಿ ಮುಂಗಾರು ಹಿಡಿಯುವ ಹೊತ್ತಿಗೆ ಹುಡುಗ ಚನ್ನರಾಯಪಟ್ಟಣದ ಮೀನುಗಾರಿಕೆ ಇಲಾಖೆಯವರನ್ನು ಕಂಡು ಬರಲಿ. ಮೊದಲ ವರ್ಷ ಮನೆಮಂದಿ ತಿಂದು ನೆಂಟರಿಗೆ ಕೊಟ್ಟು ಮಿಕ್ಕದ್ದನ್ನು ಮಾರುವಷ್ಟೇ ಆಸೆ ಇಟ್ಟುಕೊಳ್ಳಲಿ.

ಇನ್ನೊಂದು ಮಾತು, ಮೇವಿಗೂ ಮೀನಿಗೂ ಸಂಬಂಧವಿಲ್ಲದ್ದು. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಕಾಲು ಜಾರಿದವರಿಗೆ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಈಜು ಬಲ್ಲವರೂ ಮುಳುಗಿದ ಸುದ್ದಿ ಪ್ರತಿವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ನಿಮ್ಮ ಕಾಗದದಲ್ಲಿ ಹೊಂಡದ ಅಳತೆ ಇತ್ತು, ಬೇಲಿಯ ಮಾತು ಇರಲಿಲ್ಲ. ಸುತ್ತ ತಂತಿ ಬೇಲಿ ಹಾಕಿಸಿ, ಒಳಗೆ ಗಂಟು ಹಾಕಿದ ಹಗ್ಗವೊಂದನ್ನು ಇಳಿಬಿಟ್ಟು, ಆಮೇಲೆ ಮರಿ ಬಿಡಿ.

ನಿಮ್ಮವ